ಸೂಜಿ ಸವೆಯಲಿ, ಬೇರಿಂಗ್ ಉಳಿಯಲಿ

ಎಲ್‌ಪಿ ರೆಕಾರ್ಡ್ ಒಂದು ಸುತ್ತು ತಿರುಗಲು 1.8 ಸೆಕೆಂಡ್ ಬೇಕು. ಅಂದರೆ ನಿಮಿಷಕ್ಕೆ 33⅓ ಸುತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದಾಗಿನ ಈ ಲೆಕ್ಕ ಇವತ್ತಿಗೂ ಬದಲಾಗಿಲ್ಲ. ಹಾಗಾಗಿ 50 ವರ್ಷ ಹಳೆಯ ಟರ್ನ್‌ಟೇಬಲ್ ಹೊಸ ರೆಕಾರ್ಡನ್ನೂ ಹಾಡಿಸುತ್ತದೆ. ಇಂಥ ಯಂತ್ರವನ್ನು ಬದುಕಿನಲ್ಲಿ ಒಂದೇ ಸಲ ಕೊಂಡರೆ ಸಾಕಾಗಬೇಕು, ಅಲ್ವಾ? ಸಾಕಾಗುತ್ತದೆ. ಆದರೆ ಸವೆಯುವ ಭಾಗ ಯಾವುದು, ಸವೆಯಬಾರದ ಭಾಗ ಯಾವುದು ಅಂತ ಕೊಳ್ಳುವ ಮೊದಲೇ ಗೊತ್ತಿರಬೇಕು.

ಸವೆಯಬಾರದ್ದು ಬೇರಿಂಗ್. ರೆಕಾರ್ಡ್ ಕೂರುವ ಭಾರದ ತಟ್ಟೆ ಇದರ ಮೇಲೆ ತಿರುಗುತ್ತದೆ. ಸೂಜಿ ರೆಕಾರ್ಡಿನಲ್ಲಿ ಹಾಡು ಕೊರೆದಿರುವ ಗೀರಿನೊಳಗಿನ ಅತಿ ಸಣ್ಣ ಅಲುಗಾಟವನ್ನೂ ಓದುತ್ತದೆ. ಅದಕ್ಕೆ ಹಾಡಿನ ಅಲುಗಾಟ ಯಾವುದು, ಬೇರಿಂಗಿನ ಅಲುಗಾಟ ಯಾವುದು ಅನ್ನುವ ಭೇದವಿಲ್ಲ. ಬೇರಿಂಗ್ ಒರಟಾದರೆ ಸಂಗೀತದ ಅಡಿಯಲ್ಲಿ ಗುಡುಗುಡು ಸದ್ದು ಸೇರಿಕೊಳ್ಳುತ್ತದೆ. ಸೂಜಿಯನ್ನು ಹೊತ್ತ ತೋಳಿನ ಕೀಲೂ ಅಷ್ಟೇ, ಸಡಿಲವಾಗಿರಬಾರದು. ದುಡ್ಡು ಹಾಕುವುದಾದರೆ ಮೊದಲು ಇವೆರಡಕ್ಕೆ ಹಾಕಿ.

ತಟ್ಟೆ ಬೆಲ್ಟಿನಿಂದ ತಿರುಗುವುದು ಒಳ್ಳೆಯದೋ, ಮೋಟರಿನಿಂದ ನೇರವಾಗಿ ತಿರುಗುವುದು ಒಳ್ಳೆಯದೋ ಅನ್ನುವ ವಾದ ತುಂಬಾ ಹಳೆಯದು. ಬೆಲ್ಟ್ ಮೋಟರಿನ ನಡುಕವನ್ನು ತಡೆಯುತ್ತದೆ. ಆದರೆ ರಬ್ಬರ್ ಅಲ್ವಾ, ವರ್ಷಗಳು ಕಳೆದಂತೆ ಸಡಿಲವಾಗುತ್ತದೆ, ಬದಲಿಸಬೇಕು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲಿನಲ್ಲಿ ಬೆಲ್ಟೇ ಇಲ್ಲ. ನನ್ನ ಮಟ್ಟಿಗೆ ಎರಡೂ ಸರಿ. ಬಿಡಿಭಾಗ ಸಿಗುತ್ತದಾ ಅನ್ನುವುದೇ ದೊಡ್ಡ ಪ್ರಶ್ನೆ. ಲಿನ್ ಎಲ್‌ಪಿ12 ಕೂಡ 1970ರ ದಶಕದ ಯಂತ್ರವೇ. ಅದಕ್ಕೆ ಹೊಸ ಭಾಗಗಳನ್ನು ಒಂದೊಂದಾಗಿ ಸೇರಿಸುತ್ತಾ ಬಂದವರು ಬಹಳ ಜನ.

ಮುಂದೆ ಸುಧಾರಿಸುವುದಿದ್ದರೆ ಸೂಜಿಯಿಂದ ಶುರು ಮಾಡಿ. ಇದಕ್ಕೊಂದು ಚೆಂದದ ಕಾರಣವಿದೆ. ರೆಕಾರ್ಡಿನ ಹೊರ ಅಂಚಿನಲ್ಲಿ ಗೀರು ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡುತ್ತದೆ. ಒಳ ತುದಿಗೆ ಬರುವಾಗ ಸುತ್ತು ಚಿಕ್ಕದಾಗಿ, ಅದು ಸುಮಾರು 20 ಸೆಂ.ಮೀ.ಗೆ ಇಳಿಯುತ್ತದೆ. ಅಷ್ಟೇ ಸಂಗೀತ, ಅರ್ಧಕ್ಕಿಂತ ಕಮ್ಮಿ ಜಾಗ! ತಾಳದ, ಗೆಜ್ಜೆಯ ಕಿರುದನಿಗಳ ಅಲೆಗಳು ಅಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ದುಂಡು ತುದಿಯ ಸೂಜಿ ಆ ಸಂದಿಗಳಿಗೆ ಸರಿಯಾಗಿ ಇಳಿಯುವುದಿಲ್ಲ. ಮೊಟ್ಟೆಯಾಕಾರದ, ಅದಕ್ಕಿಂತ ತೆಳು ಅಂಚಿನ ವಜ್ರದ ತುದಿ ಇಳಿಯುತ್ತದೆ. ಕೊನೆಯ ಹಾಡು ಯಾಕೆ ಒಡೆದಂತೆ ಕೇಳುತ್ತದೆ ಅಂತ ಬೇಸರಪಟ್ಟವರು ಸೂಜಿ ಬದಲಿಸಿ ನೋಡಿ, ಖುಷಿಯಾಗುತ್ತದೆ. ಹಾಗೇ ತೋಳಿನ ತುದಿಯಲ್ಲಿ ಸೂಜಿಯನ್ನು ಹಿಡಿದಿರುವ ಪುಟ್ಟ ಭಾಗ, ಅಂದರೆ ಕಾರ್ಟ್ರಿಡ್ಜಿನ ಕೋನ ಸರಿಯಿದೆಯಾ ನೋಡಿ. ಕೋನ ತೋರಿಸುವ ಅಳತೆಯ ಹಾಳೆಯನ್ನು ತಟ್ಟೆಯ ಮೇಲಿಟ್ಟು ಕೂರಿಸಿದರೆ ಆಯ್ತು.

ಸೂಜಿ ಗೀರಿನ ಮೇಲೆ ಹೊರಿಸುವ ಭಾರ ಸಾಮಾನ್ಯವಾಗಿ 2 ಗ್ರಾಂ ಅಷ್ಟೇ. ಆದರೆ ತುದಿ ಎಷ್ಟು ಸಣ್ಣದೆಂದರೆ, ಅಲ್ಲಿನ ಒತ್ತಡ ಕಾರಿನ ಟೈರಿನೊಳಗಿನ ಒತ್ತಡಕ್ಕಿಂತ ನೂರಾರು ಪಟ್ಟು ಜಾಸ್ತಿ. ವಜ್ರವೂ ಸವೆಯುತ್ತದೆ, ಸಾಮಾನ್ಯವಾಗಿ 500ರಿಂದ 1000 ಗಂಟೆಗಳಲ್ಲಿ. ಸವೆದ ತುದಿ ಉಳಿಯಂತೆ ಹರಿತವಾಗಿ ಗೀರನ್ನೇ ಕೆತ್ತುತ್ತದೆ. ಹಾಳಾದ ಗೀರನ್ನು ಮತ್ತೆ ಸರಿಮಾಡಲು ಬರುವುದಿಲ್ಲ. ದಿನಕ್ಕೆ 40 ನಿಮಿಷದ ಒಂದು ಎಲ್‌ಪಿ ಕೇಳಿದರೆ ವರ್ಷಕ್ಕೆ ಸುಮಾರು 240 ಗಂಟೆ. ಹೊಸ ಸೂಜಿ ಹಾಕಿದ ದಿನವೇ ತಾರೀಖನ್ನು ಅದರ ಡಬ್ಬಿಯ ಮೇಲೆ ಬರೆದಿಡಿ.