ಕುರ್ಬಾನಿ, ಕುರ್ಬಾನ, ಕುರ್ಬೋನೊ: ಬೇರು ಒಂದೇ

ಕೇರಳದ ಹಳೆಯ ಕ್ರೈಸ್ತ ಸಭೆಗಳ ಪೂಜಾಭಾಷೆಯಾದ ಸುರಿಯಾನಿ ಕಲಿಯಲು ಬಂದವರು ಬೇಗನೇ ಕೇಳುವ ಪ್ರಶ್ನೆ ಒಂದಿದೆ. ಬಕ್ರೀದ್‌ನ ಕುರ್ಬಾನಿಗೂ, ಬೆಳ್ತಂಗಡಿ ಕಡೆ ಸಿರೋ ಮಲಬಾರ್ ಚರ್ಚುಗಳಲ್ಲಿ ನಡೆಯುವ ಕುರ್ಬಾನಕ್ಕೂ, ಅಂದರೆ ರೊಟ್ಟಿ ದ್ರಾಕ್ಷಾರಸದ ಪೂಜೆಗೂ, ನಂಟಿದೆಯಾ? ಇದೆ, ಗಟ್ಟಿಯಾಗೇ ಇದೆ.

ಎರಡಕ್ಕೂ ಬೇರು ಕ-ರ-ಬ ಎಂಬ ಮೂರು ವ್ಯಂಜನ. ಈ ‘ಕ’ ಗಂಟಲಿನ ಆಳದಿಂದ ಬರುವಂಥದ್ದು, ನಮ್ಮ ಲಿಪಿಯಲ್ಲಿ ಅದಕ್ಕೆ ಬೇರೆ ಅಕ್ಷರ ಇಲ್ಲ. ಅರ್ಥ ‘ಹತ್ತಿರ’. ಸುರಿಯಾನಿ ಅನ್ನೋದು ಯೇಸು ಆಡುತ್ತಿದ್ದ ಅರಾಮಾಯಿಕ್ ಭಾಷೆಯದೇ ಒಂದು ರೂಪ, ಈಗ ಟರ್ಕಿಯಲ್ಲಿರುವ ಉರ್ಫಾ, ಅಂದರೆ ಹಳೆಯ ಎಡೆಸ್ಸಾ ಊರಿನ ಭಾಷೆ. ಅದರಲ್ಲಿ ‘ಕ್ರೆಬ್’ ಅಂದ್ರೆ ಹತ್ತಿರ ಬಂದ, ‘ಕರ್ರೆಬ್’ ಅಂದ್ರೆ ಹತ್ತಿರ ತಂದ, ದೇವರ ಮುಂದೆ ತಂದಿಟ್ಟ. ಹಾಗೆ ತಂದಿಟ್ಟದ್ದೇ ‘ಕುರ್ಬಾನಾ’.

ಕನ್ನಡದಲ್ಲಿ ಇದಕ್ಕೆ ಸುಮ್ನೆ ‘ಬಲಿ’ ಅಂತ ಅರ್ಥ ಹೇಳಿ ಮುಗಿಸುತ್ತೇವೆ. ನನಗದು ಒಪ್ಪಿಗೆಯಿಲ್ಲ. ಕೊಯ್ಯುವ ಮಾತೇ ಆ ಬೇರಿನಲ್ಲಿಲ್ಲ. ಬೈಬಲ್ಲಿನ ಯಾಜಕಕಾಂಡದ 2ನೇ ಅಧ್ಯಾಯದಲ್ಲಿ ಎಣ್ಣೆ ಹೊಯ್ದ ಹಿಟ್ಟನ್ನು ತಂದಿಟ್ಟರೂ ಸೋದರಭಾಷೆ ಹೀಬ್ರೂವಿನಲ್ಲಿ ಅದು ‘ಕೊರ್ಬಾನ್’. ಮತ್ತಾಯನ ಸುವಾರ್ತೆಯಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದ ಎಸೆದುಹೋದ ಬೆಳ್ಳಿ ನಾಣ್ಯಗಳನ್ನು ಹಾಕಬಾರದು ಅಂತ ಯಾಜಕರು ಹೇಳುವ ದೇವಾಲಯದ ಹುಂಡಿಗೂ ಗ್ರೀಕ್ ಮೂಲದಲ್ಲಿ ಇದೇ ಪದ ಇದೆ. ‘ಅರ್ಪಣೆ’ ಅಂದರೆ ಹೆಚ್ಚು ಸರಿ.

ಇನ್ನು, ಇರಾಕ್, ಇರಾನ್, ಸಿರಿಯಾ ಕಡೆಯ ಅಸಿರಿಯನ್ನರು ಇವತ್ತಿಗೂ ಮನೆಯಲ್ಲಿ ಆಡುವ ನವ ಅರಾಮಾಯಿಕ್ ನೋಡಿ. ಹತ್ತಿರ ಅನ್ನೋದಕ್ಕೆ ‘ಕುರ್ಬಾ’. ಮದುವೆಯಲ್ಲಿ ಮದುಮಗನ ಪಕ್ಕ ನಿಲ್ಲುವ ಆಪ್ತನಿಗೆ ‘ಕರೀವಾ’. ಇಲ್ಲಿ ‘ಬ’ ಎಲ್ಲಿ ಹೋಯ್ತು? ಸುರಿಯಾನಿಯಲ್ಲಿ ಸ್ವರದ ನಂತರ ಬಂದ ‘ಬ’ ಮೆತ್ತಗಾಗುತ್ತದೆ, ಪೂರ್ವದ, ಅಂದರೆ ಇರಾಕ್, ಇರಾನ್ ಕಡೆಯ ಮಾತಿನಲ್ಲಿ ಅದು ‘ವ’ ಆಯಿತು. ಕುರ್ಬಾನಾದಲ್ಲಿ ಅದರ ಮುಂಚೆ ‘ರ್’ ಇದೆಯಲ್ವಾ, ಅದಕ್ಕೇ ಅಲ್ಲಿ ಗಟ್ಟಿಯಾಗಿ ಉಳಿಯಿತು. ಇದೇ ಬೇರಿನಿಂದ ಸುರಿಯಾನಿಯಲ್ಲಿ ಕಾಳಗಕ್ಕೂ ಒಂದು ಪದ ಇದೆ, ‘ಕ್ರಾಬಾ’ (ಪೂರ್ವದ ಉಚ್ಚಾರದಲ್ಲಿ ‘ಕ್ರಾವಾ’). ಹೊಡೆದಾಡಬೇಕಾದರೂ ಹತ್ತಿರ ಬರಲೇಬೇಕು.

ಅರಬ್ಬಿಯ ‘ಕುರ್ಬಾನ್’ ಅರಾಮಾಯಿಕ್‌ನಿಂದ ಬಂದದ್ದು ಅನ್ನೋದು ಭಾಷಾತಜ್ಞರಲ್ಲಿ ಬಹುಮಟ್ಟಿಗೆ ಒಪ್ಪಿತ ಮಾತು. ಪಾರ್ಸಿ, ಉರ್ದು ದಾಟಿ ನಮ್ಮಲ್ಲಿ ಅದು ಕುರ್ಬಾನಿ ಆಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಕೇರಳದ ಕಥೆ. ಸುರಿಯಾನಿಯಲ್ಲಿ ಎರಡು ಉಚ್ಚಾರ ಪದ್ಧತಿಗಳಿವೆ. ಪೂರ್ವದವರದು ‘ಕುರ್ಬಾನಾ’. ಪಶ್ಚಿಮದವರು, ಅಂದರೆ ಸಿರಿಯಾ, ಟರ್ಕಿ ಕಡೆಯವರು, ‘ಆ’ಕಾರವನ್ನು ‘ಓ’ ಮಾಡಿ ‘ಕುರ್ಬೋನೊ’ ಅನ್ನುತ್ತಾರೆ. ಕೇರಳದ ಹಳೆಯ ಸಂಪರ್ಕ ಪೂರ್ವದ ಸಭೆಯ ಜೊತೆ ಇತ್ತು. 1665ರಲ್ಲಿ ಜೆರುಸಲೇಮಿನಿಂದ ಮಾರ್ ಗ್ರಿಗೋರಿಯೋಸ್ ಎಂಬ ಬಿಷಪ್ ಬಂದ ಮೇಲೆ ಅಲ್ಲಿನ ಒಂದು ಪಾಲು ಕ್ರೈಸ್ತರು ನಿಧಾನವಾಗಿ ಪಶ್ಚಿಮದ ಪೂಜಾವಿಧಿಗೆ, ಲಿಪಿಗೆ, ಉಚ್ಚಾರಕ್ಕೆ ಹೊರಳಿದರು. ಆದರೂ ಹೀಗೆ ಹೊರಳಿದ ಸಭೆಯ ಯಾರನ್ನಾದರೂ ಭಾನುವಾರ ಎಲ್ಲಿಗೆ ಹೊರಟಿರಿ ಅಂತ ಮಲಯಾಳದಲ್ಲಿ ಕೇಳಿ, ಕುರ್ಬಾನಕ್ಕೆ ಅನ್ನುತ್ತಾರೆಯೇ ಹೊರತು ಕುರ್ಬೋನೊಗೆ ಅನ್ನುವುದಿಲ್ಲ.