ಜುಲೈನಲ್ಲಿ ನ್ಯೂಯಾರ್ಕ್ ಬಂದರಿನ ಮೀನು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನ್ಯೂಯಾರ್ಕ್ ಬಂದರಿನಲ್ಲಿ ಸ್ಟ್ರೈಪ್ಡ್ ಬಾಸ್ ಮೀನಿಗೆ ಗಾಳ ಹಾಕುವವರು ಮೇ ಮತ್ತು ಅಕ್ಟೋಬರ್ ಬಂದರೆ ಮುಗಿಬೀಳುತ್ತಾರೆ. ಜುಲೈ, ಆಗಸ್ಟ್‌ನ ರಜೆಯ ದಿನಗಳಲ್ಲಿ ಆ ಉತ್ಸಾಹ ಕಾಣುವುದಿಲ್ಲ. ಏಕೆ?

ಉತ್ತರ: ದೊಡ್ಡ ಮೀನುಗಳು ಆಗ ಊರಿನಲ್ಲಿ ಇರುವುದಿಲ್ಲ. ಈ ಬಾಸ್ ಬೆಳೆಯುವುದು ಉಪ್ಪುನೀರಿನಲ್ಲಿ, ಮೊಟ್ಟೆಯಿಡುವುದು ಸಿಹಿನೀರಿನಲ್ಲಿ. ವಸಂತದಲ್ಲಿ ನೀರು ಬೆಚ್ಚಗಾಗುತ್ತಿದ್ದಂತೆ ಅದು ಹಡ್ಸನ್ ನದಿಯನ್ನು ಏರುತ್ತದೆ. ಹೋಗುವುದಕ್ಕೂ ಮರಳುವುದಕ್ಕೂ ಬಂದರೇ ಹೆಬ್ಬಾಗಿಲು. ಮೊಟ್ಟೆಯಿಟ್ಟು ಇಳಿದು ಬಂದ ಮೀನುಗಳಲ್ಲಿ ಬಹುಪಾಲು ತಂಪು ನೀರನ್ನು ಅರಸಿ ಲಾಂಗ್ ಐಲೆಂಡ್ ದಾಟಿ ಮೆಸಾಚುಸೆಟ್ಸ್, ಮೇನ್ ಕಡೆಗೆ ಹೊರಟುಬಿಡುತ್ತವೆ. ಶರತ್ಕಾಲದಲ್ಲಿ ದಂಡು ಮತ್ತೆ ದಕ್ಷಿಣಕ್ಕೆ ಹೊರಳುತ್ತದೆ. ಅದೇ ಹೊತ್ತಿಗೆ ಬಂಕರ್ ಎಂಬ, ಭೂತಾಯಿಯಂತೆ ಮೈತುಂಬ ಎಣ್ಣೆಯಿರುವ ಮೀನಿನ ಮರಿಗಳು ಹಿಂಡುಹಿಂಡಾಗಿ ಕಡಲಿಗೆ ಇಳಿಯುತ್ತವೆ. ನನ್ನನ್ನು ಕೇಳಿದರೆ ಶರತ್ಕಾಲವೇ ಮೇಲು. ವಸಂತದ ಮೀನಿಗೆ ಸಂಸಾರದ ಚಿಂತೆ, ಅಕ್ಟೋಬರ್‌ನ ಮೀನಿಗೆ ಹೊಟ್ಟೆಯದೊಂದೇ ಚಿಂತೆ.

ತಿಂಗಳು ಸರಿಯಿದ್ದರೆ ಸಾಲದು, ಗಳಿಗೆಯೂ ಕೂಡಿಬರಬೇಕು. ಈಸ್ಟ್ ರಿವರ್ ಉಬ್ಬರವಿಳಿತಕ್ಕೆ ತಕ್ಕಂತೆ ಎರಡೂ ದಿಕ್ಕಿಗೆ ಹರಿಯುವ ಜಲಸಂಧಿ. ಅದರ ಹೆಲ್ ಗೇಟ್ ಭಾಗದಲ್ಲಿ ಸೆಳವು ಬಲು ಜೋರು. ಬಾಸ್ ಬಂಡೆಯ ಅಥವಾ ಸೇತುವೆ ಕಂಬದ ಮರೆಯಲ್ಲಿ ಮೈ ದಣಿಸದೆ ನಿಂತು, ಸೆಳವು ಹೊತ್ತು ತರುವ ಸಣ್ಣ ಮೀನುಗಳ ಮೇಲೆ ಎರಗುತ್ತದೆ. ರಾತ್ರಿಯಾದರೆ ಸೇತುವೆಯ ದೀಪಗಳ ಬೆಳಕು ಮುಗಿದು ನೆರಳು ಆರಂಭವಾಗುವ ಅಂಚಿನಲ್ಲಿ ಕಾಯುತ್ತದೆ; ಗಾಳ ಬೆಳಕಿನಿಂದ ನೆರಳಿನೊಳಕ್ಕೆ ತೇಲಿಹೋಗಬೇಕು. ನೀರು ನಿಂತ ಹೊತ್ತಿನಲ್ಲಿ ಗಾಳ ಹಿಡಿದು ನಿಲ್ಲುವುದು ಬಹುಪಾಲು ಹವಾಸೇವನೆ.

ಮರಿಬಾಸ್‌ಗಳಿಗೆ ಮಾತ್ರ ನಗರವೇ ಚಳಿಗಾಲದ ಮನೆ. ಮ್ಯಾನ್‌ಹಟನ್‌ನ ಪಶ್ಚಿಮ ದಡದ ಹಳೆಯ ಧಕ್ಕೆಗಳ ಕಂಬಗಳ ನಡುವೆ ಅವು ಆಶ್ರಯ ಪಡೆಯುತ್ತವೆ. ಅಲ್ಲಿ ನದಿಯ ಅಂಚಿಗೆ ಮಣ್ಣು ತುಂಬಿಸಿ ಹೆದ್ದಾರಿ ಕಟ್ಟಲು ಹೊರಟಿದ್ದ ವೆಸ್ಟ್‌ವೇ ಯೋಜನೆಯನ್ನು 1985ರಲ್ಲಿ ಕೈಬಿಡಬೇಕಾಯಿತು. ನ್ಯಾಯಾಲಯದಲ್ಲಿ ಅದಕ್ಕೆ ಅಡ್ಡ ಬಂದದ್ದು ಬೆರಳುದ್ದದ ಈ ಮರಿಗಳು!

ಇನ್ನು ನಿಯಮ. ನ್ಯೂಯಾರ್ಕ್‌ನ ಕಡಲ ನೀರಿನಲ್ಲಿ ಬಾಸ್ ಹಿಡಿಯುವ ಅವಧಿ ಏಪ್ರಿಲ್ 15ರಿಂದ ಡಿಸೆಂಬರ್ 15. ಒಬ್ಬರು ದಿನಕ್ಕೆ ಇಟ್ಟುಕೊಳ್ಳಬಹುದಾದದ್ದು ಒಂದೇ ಮೀನು, ಅದೂ 28ರಿಂದ 31 ಇಂಚಿನೊಳಗಿನದು. ಅದಕ್ಕಿಂತ ದೊಡ್ಡದನ್ನೂ ನೀರಿಗೇ ಬಿಡಬೇಕು, ಏಕೆಂದರೆ ಹೆಚ್ಚು ಮೊಟ್ಟೆಯಿಡುವುದು ದೊಡ್ಡ ಹೆಣ್ಣುಗಳೇ. ಎರೆ ಸಿಕ್ಕಿಸುವುದಾದರೆ ಸರ್ಕಲ್ ಹುಕ್, ಅಂದರೆ ಮೊನೆ ಒಳಕ್ಕೆ ಬಾಗಿದ ಕೊಕ್ಕೆ, ಕಡ್ಡಾಯ. ಅದು ಹೊಟ್ಟೆಗಿಳಿಯದೆ ಹೆಚ್ಚಾಗಿ ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. 16 ವರ್ಷ ತುಂಬಿದವರು ಉಚಿತ ನೋಂದಣಿ ಮಾಡಿಸಬೇಕು. ಬಂದರಿನ ದಕ್ಷಿಣಕ್ಕೆ ಎರಡು ರಾಜ್ಯಗಳ ನಡುವೆ ಹಂಚಿಕೊಂಡಿರುವ ರಾರಿಟನ್ ಕೊಲ್ಲಿಯ ನ್ಯೂಜೆರ್ಸಿ ಪಾಲಿನಲ್ಲಿ ಮಾತ್ರ ಮಾರ್ಚ್ 1ಕ್ಕೇ ಅವಕಾಶ ತೆರೆಯುತ್ತದೆ. ಹಾಗಾಗಿ ದೋಣಿಯಲ್ಲಿ ಹೋಗುವವರು ತಾವು ಯಾವ ರಾಜ್ಯದ ನೀರಿನಲ್ಲಿದ್ದೇವೆ ಎಂಬುದನ್ನು ನೋಡಿಕೊಳ್ಳುವುದು ಒಳಿತು.

ರಜೆ ಜುಲೈನಲ್ಲೇ ಸಿಗುವುದಾದರೆ ಬಾಸ್‌ನ ಆಸೆ ಬಿಟ್ಟು, ತಳದಲ್ಲಿ ಮಲಗಿರುವ ಚಪ್ಪಟೆ ಮೀನು ಫ್ಲೂಕ್‌ಗೋ ಪೋರ್ಗಿಗೋ ಗಾಳ ಹಾಕಿ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಆಗ ಸೆಣಸಿ ದಣಿದ ಬಾಸ್ ಅನ್ನು ಮರಳಿ ನೀರಿಗೆ ಬಿಟ್ಟರೂ ಅದು ಬದುಕುವ ಭರವಸೆಯಿಲ್ಲ.