ಪಿಲ್‌ಬಾಕ್ಸ್ ಉಳಿಸಬೇಕಾ? ಸಿಮೆಂಟ್ ಮೂಟೆ ಆಮೇಲೆ ತನ್ನಿ

ಹಳೆಯ ಕಾಂಕ್ರೀಟ್ ಕಟ್ಟಡಗಳ ರಿಪೇರಿ ನನ್ನ ಕಸುಬು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಈ ಕೆಲಸ ಮಾಡುವವರಿಗೆ ಆಗಾಗ ಒಂದೇ ಥರದ ಫೋನ್ ಬರುತ್ತದೆ. ನಮ್ಮೂರಿನ ಪಿಲ್‌ಬಾಕ್ಸ್ (ಯುದ್ಧಕಾಲದ ಕಾಂಕ್ರೀಟ್ ಕಾವಲು ಕೋಣೆ) ಬೀಳುವ ಹಾಗಿದೆ, ಯಾವ ಸಿಮೆಂಟ್ ಹಾಕಿದರೆ ನಿಲ್ಲುತ್ತೆ ಹೇಳಿ ಅಂತ. ಕೇಳುವವರು ಒಳ್ಳೆಯ ಜನ, ಊರಲ್ಲಿ ಚಂದಾ ಎತ್ತಿ ಇಟ್ಟುಕೊಂಡಿರುತ್ತಾರೆ. ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ ಮಾತ್ರ ಅವರಿಗೆ ಹಿಡಿಸುವುದಿಲ್ಲ: ಅದರ ಕೆಳಗಿನ ನೆಲ ಇನ್ನೆಷ್ಟು ವರ್ಷ ಇರುತ್ತದೆ? ಎರಡನೆಯದು, ರಿಪೇರಿ ಆದ ಮೇಲೆ ವರ್ಷಕ್ಕೊಮ್ಮೆಯಾದರೂ ಹೋಗಿ ನೋಡುವವರು ಯಾರು? ಸಿಮೆಂಟಿನ ಮಾತು ಅದಾದ ಮೇಲೆ. ಎಷ್ಟೋ ಕಡೆ ಇದು ಉಲ್ಟಾ ನಡೆಯುತ್ತದೆ. ಮೊದಲು ತೇಪೆ ಹಾಕುತ್ತಾರೆ, ಆಮೇಲೆ ನೆಲ ನೋಡುತ್ತಾರೆ. ದುಡ್ಡೂ ಹೋಗುತ್ತದೆ, ಕಟ್ಟಡವೂ ಹೋಗುತ್ತದೆ.

ಪಿಲ್‌ಬಾಕ್ಸ್ ಅಂದರೆ ಗುಂಡು ಹಾರಿಸಲು ಕಿಂಡಿ ಬಿಟ್ಟ ಪುಟ್ಟ ಕಾಂಕ್ರೀಟ್ ಕೋಣೆ. ಎರಡನೇ ಮಹಾಯುದ್ಧದಲ್ಲಿ, 1940ರ ಬೇಸಿಗೆಯಲ್ಲಿ, ಬ್ರಿಟಿಷ್ ಸೈನ್ಯ ಫಿರಂಗಿ, ಲಾರಿಗಳನ್ನೆಲ್ಲ ಫ್ರಾನ್ಸಿನಲ್ಲೇ ಬಿಟ್ಟು ಡನ್‌ಕರ್ಕ್‌ನಿಂದ ಜೀವ ಉಳಿಸಿಕೊಂಡು ಬಂದಿತ್ತು. ಜರ್ಮನ್ನರು ಇವತ್ತೋ ನಾಳೆಯೋ ಕಡಲು ದಾಟಿ ಬರುತ್ತಾರೆ ಅನ್ನುವ ಭಯ. ಆಗ ದೇಶದೊಳಗಿನ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಐರನ್‌ಸೈಡ್ ಕಡಲಂಚಿನಲ್ಲೂ ಒಳನಾಡಿನಲ್ಲೂ ಸಾಲು ಸಾಲು ರಕ್ಷಣಾ ಗೆರೆಗಳನ್ನು ಎಳೆಸಿದರು. ಯುದ್ಧ ಇಲಾಖೆಯ ಎಫ್‌ಡಬ್ಲ್ಯೂ3 ಅನ್ನುವ ವಿಭಾಗ ನಕ್ಷೆ ಹಂಚಿತು. ಟೈಪ್ 22 ಅಂದರೆ ಆರು ಮೂಲೆಯದು, ಗೋಡೆ ಸುಮಾರು 30 ಸೆಂಟಿಮೀಟರ್, ಬಂದೂಕಿನ ಗುಂಡು ತಡೆಯುವಷ್ಟು. ಫಿರಂಗಿಯ ಶೆಲ್ ತಡೆಯಬೇಕಾದ ಕಡೆ ಗೋಡೆ ಒಂದು ಮೀಟರಿಗೂ ಜಾಸ್ತಿ. ಜುಲೈನಲ್ಲಿ ಐರನ್‌ಸೈಡ್ ಜಾಗಕ್ಕೆ ಬಂದ ಅಲನ್ ಬ್ರೂಕ್‌ಗೆ ಈ ಸಾಲುಗಳ ಮೇಲೆ ನಂಬಿಕೆ ಇರಲಿಲ್ಲ, ಓಡಾಡುವ ಪಡೆಗಳೇ ಬೇಕು ಅಂದರು. ಅಷ್ಟಾದರೂ ಇಂಥವು ಸುಮಾರು 28,000 ಎದ್ದು ನಿಂತವು. ಈಗ ಉಳಿದಿರುವುದು 6,500ರ ಆಸುಪಾಸು. ಅವೂ ಯಾರೋ ಪ್ರೀತಿಯಿಂದ ಕಾಪಾಡಿದ್ದರಿಂದಲ್ಲ, ಒಡೆಯುವ ಖರ್ಚು ಜಾಸ್ತಿ ಅಂತ ಬಿಟ್ಟಿದ್ದರಿಂದ ಉಳಿದವೇ ಹೆಚ್ಚು.

ಶೆಲ್ ತಡೆಯುವ ಗೋಡೆಗೆ ಮಳೆ, ಗಾಳಿ ಏನು ಮಾಡೀತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಇವನ್ನು ಕಟ್ಟಿದ್ದು ಒಂದೆರಡು ವರ್ಷ ನಿಂತರೆ ಸಾಕು ಅಂತ. ಹೆಚ್ಚಿನವನ್ನು ಊರಿನ ಕಂಟ್ರಾಕ್ಟರುಗಳೇ ಗಡಿಬಿಡಿಯಲ್ಲಿ ಎಬ್ಬಿಸಿದರು. ಮರ ಸಿಗದ ಕಡೆ ಸೆಂಟ್ರಿಂಗ್ ಹಲಗೆಗೆ ಬದಲು ಇಟ್ಟಿಗೆ ಗೋಡೆ ಕಟ್ಟಿ, ನಡುವೆ ಕಾಂಕ್ರೀಟ್ ಸುರಿದು, ಇಟ್ಟಿಗೆಯನ್ನು ಹಾಗೇ ಬಿಟ್ಟರು. ಕೆಲವು ಕಡೆ ಜಲ್ಲಿ, ಮರಳು ಎರಡೂ ಪಕ್ಕದ ಬೀಚಿನದೇ, ಅಂದರೆ ಒಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿಸುವ ಉಪ್ಪು ಹೊರಗಿಂದ ಬರಬೇಕಾಗಿಯೇ ಇರಲಿಲ್ಲ, ಮೊದಲ ದಿನವೇ ಒಳಗಿತ್ತು. ಇಂಥ ತಾತ್ಕಾಲಿಕ ಕಟ್ಟಡಕ್ಕೆ ಈಗ ಎಂಬತ್ತು ವರ್ಷ ದಾಟಿದೆ.

ನೆಲದ ಪ್ರಶ್ನೆಗೆ ಬರೋಣ. ಇಂಗ್ಲೆಂಡ್ ಮತ್ತು ವೇಲ್ಸ್ ಕರಾವಳಿಗೆಲ್ಲ ಶೋರ್‌ಲೈನ್ ಮ್ಯಾನೇಜ್‌ಮೆಂಟ್ ಪ್ಲಾನ್ ಅಂತ ಒಂದು ದಾಖಲೆ ಇದೆ. ಕರಾವಳಿಯ ಪ್ರತಿ ತುಂಡಿಗೂ ನಾಲ್ಕರಲ್ಲಿ ಒಂದು ತೀರ್ಮಾನ ಬರೆದಿರುತ್ತಾರೆ: ಈಗಿನ ದಡವನ್ನು ಹಿಡಿದು ನಿಲ್ಲಿಸುವುದು, ದಡವನ್ನು ಕಡಲ ಕಡೆಗೆ ಮುಂದೆ ಒಯ್ಯುವುದು, ಯೋಚಿಸಿ ಹಿಂದೆ ಸರಿಯುವುದು, ಅಥವಾ ಏನೂ ಮಾಡದೆ ಬಿಡುವುದು. ಮೊದಲ 20 ವರ್ಷಕ್ಕೆ ಒಂದು, 50ರ ತನಕ ಒಂದು, 100ರ ತನಕ ಒಂದು, ಹೀಗೆ ಕಾಲ ಹಂಚಿ ಬರೆದಿರುತ್ತದೆ. ಯಾರು ಬೇಕಾದರೂ ಓದಬಹುದು. ಆದರೆ ಪಿಲ್‌ಬಾಕ್ಸ್ ಉಳಿಸಿ ಅಂತ ಬೋರ್ಡ್ ಹಿಡಿದು ನಿಲ್ಲುವವರಲ್ಲಿ ಇದನ್ನು ಓದಿದವರು ನನಗೆ ಸಿಕ್ಕಿದ್ದು ಕಡಿಮೆ. ಯಾರ್ಕ್‌ಷೈರಿನ ಹೋಲ್ಡರ್ನೆಸ್ ಕರಾವಳಿ ವರ್ಷಕ್ಕೆ ಸರಾಸರಿ ಎರಡು ಮೀಟರಿನ ಹತ್ತಿರ ಹಿಂದೆ ಸರಿಯುತ್ತಿದೆ. ಅಲ್ಲಿ ಅಂಚಿನಿಂದ ಹತ್ತು ಮೀಟರ್ ದೂರ ಇರುವ ಕಟ್ಟಡಕ್ಕೆ ತೇಪೆ ಹಾಕುವುದು ಅಂದರೆ ಲೆಕ್ಕ ನೀವೇ ಹಾಕಿ. ಅದೂ ಸರಾಸರಿ ಮಾತು. ಒಂದು ಕೆಟ್ಟ ಚಳಿಗಾಲದ ಬಿರುಗಾಳಿ ಒಂದೇ ರಾತ್ರಿಯಲ್ಲಿ ಹಲವು ವರ್ಷದ ನೆಲ ತಿಂದು ಹೋಗಬಹುದು.

ಇನ್ನೊಂದು ವಿಷಯ ಗಮನಿಸಿ. ಇಂಥ ಕಟ್ಟಡ ಸಾಮಾನ್ಯವಾಗಿ ಅಲೆಗೆ ಪುಡಿಯಾಗುವುದಿಲ್ಲ. ಕೆಳಗಿನ ಮಣ್ಣು ಹೋದಾಗ ಇಡಿಯಾಗಿ ಮಗುಚಿ ಬೀಳುತ್ತದೆ. ನಾರ್ಫೋಕ್‌ನ ಹ್ಯಾಪಿಸ್‌ಬರ್ಗ್‌ನಲ್ಲಿ ಹಾಗೇ ಒಂದು ದಿಬ್ಬದ ಮೇಲಿಂದ ಬೀಚಿಗೆ ಇಳಿಯಿತು. ಯಾರ್ಕ್‌ಷೈರಿನ ಕಿಲ್ನ್ಸಿಯ ಗಾಡ್ವಿನ್ ಬ್ಯಾಟರಿ, ಅಂದರೆ ಫಿರಂಗಿ ನೆಲೆ, ಮೊದಲ ಮಹಾಯುದ್ಧದ್ದು, ಅದರ ದೊಡ್ಡ ದೊಡ್ಡ ತುಂಡುಗಳು ಇವತ್ತು ಮರಳಿನಲ್ಲಿ ಬಿದ್ದಿವೆ. ಕಲ್ಲು ಸುರಿದು ತಡೆಗೋಡೆ ಕಟ್ಟಿ ಅನ್ನುತ್ತಾರೆ. ಉಳ್ಳಾಲ, ಸೋಮೇಶ್ವರದ ಕಡಲ್ಕೊರೆತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಡೆ ಗೋಡೆ ಹಾಕಿದರೆ ಪಕ್ಕದ ಕಡೆಗೆ ಮರಳು ಹೋಗುವುದು ನಿಲ್ಲುತ್ತದೆ, ಕೊರೆತ ಅಲ್ಲಿ ಶುರು. ಒಂದು ಬಂಕರ್‌ಗೋಸ್ಕರ ಪಕ್ಕದವರ ಮನೆ ಕಳೆಯೋಕಾಗುತ್ತಾ?

ಎತ್ತಿ ಒಳಗೆ ಒಯ್ದು ಇಡಿ ಅನ್ನುವವರೂ ಇದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಆ ಕಿಂಡಿ ಯಾವ ಬೀಚನ್ನು, ದಿಬ್ಬದ ಯಾವ ಸಂದನ್ನು ನೋಡುತ್ತಿತ್ತು, ಪಕ್ಕದ ಟ್ಯಾಂಕ್ ತಡೆಯುವ ಕಾಂಕ್ರೀಟ್ ಗಟ್ಟಿಗಳ ಸಾಲಿಗೂ ಇದಕ್ಕೂ ಏನು ಲೆಕ್ಕಾಚಾರ ಅನ್ನುವುದರಲ್ಲೇ ಅದರ ಅರ್ಥ ಇರುವುದು. ಪಾರ್ಕಿಂಗ್ ಜಾಗದ ಮೂಲೆಯಲ್ಲಿಟ್ಟರೆ ಮಕ್ಕಳು ಹತ್ತಿ ಇಳಿಯಲು ಚೆನ್ನಾಗಿರುತ್ತದೆ, ಅಷ್ಟೇ.

ಹಾಗಾದರೆ ಬೀಳುವುದನ್ನು ಏನು ಮಾಡುವುದು? ಬೀಳುವ ಮೊದಲು ಪೂರ್ತಿ ದಾಖಲಿಸಿ. 1995ರಲ್ಲಿ ಶುರುವಾದ ಡಿಫೆನ್ಸ್ ಆಫ್ ಬ್ರಿಟನ್ ಯೋಜನೆಯಲ್ಲಿ ಸುಮಾರು 600 ಸ್ವಯಂಸೇವಕರು 20,000ದ ಹತ್ತಿರ ಜಾಗಗಳನ್ನು ಗುರುತಿಸಿ ಬರೆದಿಟ್ಟರು. ಅವರಲ್ಲಿ ಹೆಚ್ಚಿನವರು ಇಂಜಿನಿಯರುಗಳಲ್ಲ, ಇತಿಹಾಸ ಓದಿದವರೂ ಅಲ್ಲ, ಸುಮ್ನೆ ಆಸಕ್ತಿ ಇದ್ದವರು. ಈಗ ಮೊಬೈಲ್ ಫೋಟೋಗಳಿಂದಲೇ ಮೂರು ಆಯಾಮದ ಮಾಡೆಲ್ ಆಗುತ್ತದೆ, ಅವರ ಕಾಲಕ್ಕಿಂತ ಕೆಲಸ ಸುಲಭ. ಒಂದು ಫೋಟೋಗೂ ಇನ್ನೊಂದಕ್ಕೂ ಅರ್ಧಕ್ಕಿಂತ ಹೆಚ್ಚು ಭಾಗ ಕೂಡಿಕೊಳ್ಳುವ ಹಾಗೆ ಸುತ್ತ ತೆಗೆಯಿರಿ, ಅಳತೆಗೆ ಒಂದು ಗುರುತಿನ ಕೋಲು ಇಡಿ, ಪ್ರತಿ ಕಿಂಡಿ ಯಾವ ದಿಕ್ಕಿಗಿದೆ ಬರೆಯಿರಿ. ಒಳಗೆ ಟಾರ್ಚ್ ಬೆಳಕನ್ನು ಗೋಡೆಗೆ ಅಡ್ಡಲಾಗಿ ಹಿಡಿದು ನೋಡಿ. ಹಸಿ ಕಾಂಕ್ರೀಟಿನಲ್ಲಿ ಗೀಚಿದ ಹೆಸರು, ತಾರೀಕು, ಸೆಂಟ್ರಿಂಗ್ ಹಲಗೆಯ ಗೆರೆ ಎಲ್ಲ ಆಗ ಎದ್ದು ಕಾಣುತ್ತವೆ. ಹೊರಗೆ ಹಳೆಯ ಬಣ್ಣದ ಚೂರಿದ್ದರೆ ಬಿಡಬೇಡಿ. ಮೇಲಿಂದ ಕಂಡರೂ ಗೊತ್ತಾಗಬಾರದು ಅಂತ ಇವನ್ನು ಹುಲ್ಲಿನ ಮೆದೆ, ಮನೆ, ಅಂಗಡಿಯ ಥರ ವೇಷ ಹಾಕಿಸಿದ್ದರು, ಆ ಬಣ್ಣ ಅದರದ್ದಿರಬಹುದು. ಪುಂಡರು ಗೋಡೆಗೆ ಬಳಿದದ್ದನ್ನು ತೆಗೆಯುತ್ತೇವೆ ಅಂತ ಮರಳು ಹೊಡೆಸಿ ಈ ಬಣ್ಣವನ್ನೂ ಕಳೆದ ಕಡೆಗಳನ್ನು ನಾನು ನೋಡಿದ್ದೇನೆ. ತುಂಬ ಸಿಟ್ಟು ಬರುತ್ತೆ.

ನೆಲ ಗಟ್ಟಿಯಿದೆ, ನೋಡಿಕೊಳ್ಳುವವರೂ ಇದ್ದಾರೆ ಅಂದರೆ ಈಗ ಕಾಂಕ್ರೀಟ್. ಹೊಸ ಕಾಂಕ್ರೀಟ್ ಒಳಗೆ ಕ್ಷಾರ ಜಾಸ್ತಿ ಇರುತ್ತದೆ, ಅದರಿಂದ ಕಂಬಿಯ ಮೇಲೆ ತೆಳುವಾದ ಒಂದು ಪದರ ಕೂತು ತುಕ್ಕು ತಡೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಆ ಕ್ಷಾರವನ್ನು ಕಡಿಮೆ ಮಾಡುತ್ತದೆ. ಕಡಲ ಉಪ್ಪಿನ ಕ್ಲೋರೈಡ್ ಅಷ್ಟೂ ಕಾಯುವುದಿಲ್ಲ, ಕ್ಷಾರ ಇದ್ದರೂ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಮುಚ್ಚಿದ ಡಬ್ಬಿಯಲ್ಲಿ ನೆನೆದ ಕಡಲೆ ಉಬ್ಬಿ ಮುಚ್ಚಳ ಎಬ್ಬಿಸುವ ಹಾಗೆ ಹೊರಗಿನ ಕಾಂಕ್ರೀಟನ್ನು ಎಬ್ಬಿಸಿ ಉದುರಿಸುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪೊಳ್ಳು ಸದ್ದು ಬರುವುದು ಅಲ್ಲೇ. ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್ತಲೀನ್ ಅನ್ನುವ ರಾಸಾಯನಿಕ ಸಿಂಪಡಿಸಿದರೆ ಕ್ಷಾರ ಉಳಿದ ಕಡೆ ಗುಲಾಬಿ ಬಣ್ಣ ಬರುತ್ತದೆ, ಹೋದ ಕಡೆ ಬರುವುದಿಲ್ಲ. ಕ್ಲೋರೈಡ್‌ಗೆ ಮಾತ್ರ ಪುಡಿ ತೆಗೆದು ಲ್ಯಾಬಿಗೇ ಕಳಿಸಬೇಕು.

ಇಲ್ಲೇ ತೇಪೆಯ ತೊಂದರೆ ಇರುವುದು. ಉದುರಿದ ಜಾಗಕ್ಕೆ ಮಾತ್ರ ಹೊಸ ಸಿಮೆಂಟ್ ತುಂಬಿದರೆ ಆ ಜಾಗದ ಕಂಬಿ ಸುರಕ್ಷಿತ. ಆದರೆ ತೇಪೆಯ ಅಂಚಿನಾಚೆ ಉಪ್ಪು ತುಂಬಿದ ಹಳೆ ಕಾಂಕ್ರೀಟಿನೊಳಗಿನ ಕಂಬಿ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಕೆಲವೇ ವರ್ಷದಲ್ಲಿ ತೇಪೆಯ ಸುತ್ತ ಉಂಗುರದ ಹಾಗೆ ಬಿರುಕು. ಅದಕ್ಕೇ ತೇಪೆಯೊಳಗೆ ಕಂಬಿಗೆ ಸತುವಿನ ತುಂಡು ಕಟ್ಟುತ್ತೇವೆ, ಕಬ್ಬಿಣದ ಬದಲು ಸತುವು ಕರಗಲಿ ಅಂತ. ಅದೂ ಶಾಶ್ವತ ಅಲ್ಲ. ಸಾಮಾನ್ಯವಾಗಿ ನನ್ನ ಸಲಹೆ ಇನ್ನೂ ಸಪ್ಪೆ: ಛಾವಣಿ ಮೇಲಿನ ಮಣ್ಣು, ಗಿಡದ ಬೇರು ತೆಗೆಯಿರಿ, ನೀರು ನಿಲ್ಲದ ಹಾಗೆ ಮಾಡಿ, ಒಳಗಿನ ಕಸ ಎತ್ತಿ ಗಾಳಿ ಆಡಲು ಬಿಡಿ. ಚೆಂದ ಕಾಣಲಿ ಅಂತ ಮೇಲೆಲ್ಲ ಪ್ಲಾಸ್ಟರ್ ಬಳಿಯಬೇಡಿ.

ಕೆಡವುವ ಮಾತು ಬಂದಾಗಲೂ ನೋಡಿಕೊಳ್ಳುವವರ ಪ್ರಶ್ನೆಯೇ ಕೆಲಸಕ್ಕೆ ಬರುತ್ತದೆ. ಹೆಚ್ಚಿನ ಪಿಲ್‌ಬಾಕ್ಸ್‌ಗಳಿಗೆ ಕಾನೂನಿನ ರಕ್ಷಣೆ ಇಲ್ಲ. ಸ್ಮಾರಕ ಅಂತಲೋ ಪಟ್ಟಿ ಮಾಡಿದ ಕಟ್ಟಡ ಅಂತಲೋ ಸೇರಿದವು ಸ್ವಲ್ಪ ಮಾತ್ರ. ಬಿಲ್ಡರ್ ಬಂದ ಮೇಲೆ ಕೂಗುವುದಕ್ಕಿಂತ ಮೊದಲೇ ಅದನ್ನು ಜಿಲ್ಲೆಯ ಪಾರಂಪರಿಕ ದಾಖಲೆಗೆ ಸೇರಿಸಿದ್ದರೆ ಅರ್ಜಿ ಬಂದಾಗ ಅಧಿಕಾರಿಯ ಕಣ್ಣಿಗೆ ತಾನಾಗೇ ಬೀಳುತ್ತದೆ. ಮಾಲೀಕರಿಗೆ ಒಂದು ಉಪಯೋಗ ತೋರಿಸಿದರೆ ಇನ್ನೂ ಒಳ್ಳೆಯದು. ಬಾವಲಿಗಳಿಗೆ ಚಳಿಗಾಲದ ನಿದ್ದೆಗೆ ಇವು ಹೇಳಿ ಮಾಡಿಸಿದ ಜಾಗ, ಬಾಗಿಲಿಗೆ ಸರಳಿನ ಗೇಟ್ ಹಾಕಿದರೆ ಪುಂಡರೂ ದೂರ. ಬಾವಲಿಗೆ ಅಲ್ಲಿ ಕಾನೂನಿನ ರಕ್ಷಣೆ ಗಟ್ಟಿಯಿದೆ, ಕಟ್ಟಡಕ್ಕಿಂತ ಜಾಸ್ತಿ!

ಕೆಂಟ್‌ನ ಡೆಂಜ್‌ನಲ್ಲಿ ವಿಮಾನದ ಸದ್ದು ದೂರದಿಂದಲೇ ಕೇಳಲು 1928ರಿಂದ 1930ರ ನಡುವೆ ಕಟ್ಟಿದ ಮೂರು ದೊಡ್ಡ ಕಾಂಕ್ರೀಟ್ 'ಕನ್ನಡಿ'ಗಳಿವೆ, ಒಂದಂತೂ 200 ಅಡಿ ಉದ್ದದ ಬಾಗಿದ ಗೋಡೆ. ರಾಡಾರ್ ಬಂದ ಮೇಲೆ ಬೇಡವಾದವು. ಸುತ್ತ ಜಲ್ಲಿ ತೆಗೆದ ಗುಂಡಿಗಳ ನೀರು ಅಡಿಪಾಯ ಕೊರೆದು ಇವು ಬೀಳುವ ಹಾಗಾಗಿದ್ದವು. ಇಲ್ಲೂ ಮೊದಲು ಹೋದದ್ದು ನೆಲವೇ. 2003ರಲ್ಲಿ ಅವನ್ನು ಸರಿಪಡಿಸಲು ಬಂದ ಹಣದಲ್ಲಿ ಒಂದು ಪಾಲು ಜಲ್ಲಿ, ಮರಳು ತೆಗೆಯುವುದರ ಮೇಲಿನ ತೆರಿಗೆಯದು. ಈಗ ಅವು ಪಕ್ಷಿಧಾಮದೊಳಗಿನ ಒಂದು ನಡುಗಡ್ಡೆಯಲ್ಲಿವೆ, ಗೊತ್ತಾದ ದಿನ ಮಾತ್ರ ಸೇತುವೆ ತೆರೆಯುತ್ತಾರೆ.

ನಮ್ಮ ದೇಶದಲ್ಲೂ ಇಂಥವು ಇವೆ. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿದ್ದವು. ಆ ಕಾಲದ ಪಿಲ್‌ಬಾಕ್ಸ್‌ಗಳು ಅಲ್ಲಿನ ಬೀಚಿನಲ್ಲಿ ಇನ್ನೂ ಇವೆ, ಅಲೆ ಮರಳನ್ನು ಎಳೆದುಕೊಂಡಾಗ ಹೆಚ್ಚು ಕಾಣಿಸುತ್ತವೆ. ಪೋರ್ಟ್ ಬ್ಲೇರ್‌ನಲ್ಲಿ ಜಪಾನಿಯರೇ ಕಟ್ಟಿದ ಬಂಕರುಗಳಿವೆ. ಅಲ್ಲಿನ ಜನ ಆ ಆಳ್ವಿಕೆಯಲ್ಲಿ ಅನುಭವಿಸಿದ ಹಿಂಸೆ ನೆನೆದರೆ ಉಳಿಸಿ ಅನ್ನುವುದು ಅಷ್ಟು ಸಲೀಸಾದ ಮಾತಲ್ಲ, ಆದರೂ ಉಳಿಸಿ ಅಂತಲೇ ನಾನು ಹೇಳುತ್ತೇನೆ. ತೊಡಕು ಬೇರೆ ಕಡೆ ಇದೆ. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ರಕ್ಷಣೆ ಸಿಗಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. 1942ರದ್ದಕ್ಕೆ ಆ ವಯಸ್ಸು ಬರುವುದು 2042ಕ್ಕೆ. ನಮ್ಮ ಸೆಕೆ, ತೇವ, ಉಪ್ಪು ಗಾಳಿಯಲ್ಲಿ ಕಂಬಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ವಿಶಾಖಪಟ್ಟಣದಲ್ಲಿ ಬಂದರಿನ ತಡೆಗೋಡೆಗಳು ಮರಳಿನ ಹರಿವನ್ನು ನಿಲ್ಲಿಸುತ್ತವೆ, ಹೂಳೆತ್ತಿದ ಮರಳನ್ನು ಬೀಚಿಗೆ ಸುರಿದು ಆ ಕೊರತೆ ತುಂಬಿಸುವ ಪದ್ಧತಿ ಇದೆ. ಅಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲು ಹೋಗಿ ಮಾತಾಡಬೇಕಾದದ್ದು ಬಂದರಿನ ಡ್ರೆಜಿಂಗ್ ನೋಡಿಕೊಳ್ಳುವವರ ಜೊತೆ, ಮೇಸ್ತ್ರಿ ಜೊತೆ ಅಲ್ಲ. ಮುಂಗಾರಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆದು, ಮರಳಿನ ಮಟ್ಟ ಗೋಡೆಯ ಎಲ್ಲಿಗಿದೆ ಅಂತ ಗುರುತು ಹಾಕಿಕೊಳ್ಳಿ. ಮೂರ್ನಾಲ್ಕು ವರ್ಷದ ಅಂಥ ಲೆಕ್ಕ ಕೈಯಲ್ಲಿದ್ದರೆ ನನ್ನಂಥವನು ಬಂದು ಹೇಳುವ ಮಾತಿಗೂ ಒಂದು ಆಧಾರ ಇರುತ್ತದೆ.